ವೈರಿಲ್ಲದ ಪೊರಕೆ

ಜನವರಿ 6, ಸೋಮವಾರ

ನಿನ್ನೆ ಆರಾಧನೆ ಮುಗಿದ ಮೇಲೆ ಶ್ರೀಮತಿ ವಿಲ್ಹೆಲ್ಮಿನಾ ಓಟೂ ಎದ್ದು ನಿಂತು, ಇಡೀ ಸಾಲ್ಟ್‌ಪಾಂಡ್ ಊರಿಗೆ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡು, ನಮ್ಮ ಚರ್ಚಿಗೆ ಒಂದು ವ್ಯಾಕ್ಯೂಮ್ ಕ್ಲೀನರ್ ದಾನ ಕೊಟ್ಟಳು. ವೈರಿಲ್ಲದ್ದು. ಗೋಡೆಗೆ ನೇತುಹಾಕಿ ಚಾರ್ಜ್ ಮಾಡಿಟ್ಟರೆ ಆಮೇಲೆ ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಓಡಾಡಬಹುದಂತೆ. ಎರಡು ನಿಮಿಷ ಓಡಿಸಿಯೂ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಚ್ಛತಾ ಸಮಿತಿಯ ಮುಖ್ಯಸ್ಥೆಯಾದ್ದರಿಂದ ನಾನೂ ತಟ್ಟಿದೆ, ನಾಲ್ಕು ಸಲ.

ಆಕೆ ಲಂಡನ್ನಿನಿಂದ ವಾಪಸು ಬಂದು ಹದಿನಾಲ್ಕು ತಿಂಗಳಾಯಿತು. ಅಲ್ಲಿ ದೊಡ್ಡ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದಳಂತೆ. ಬಾಳೆಹಣ್ಣನ್ನೂ ಚಾಕು ಫೋರ್ಕಿನಲ್ಲಿ ತಿನ್ನುತ್ತಾಳೆ. ಈ ಪುಸ್ತಕದಲ್ಲಿ ನಾನು ಅವಳನ್ನು ಲಂಡನ್ ದೊರೆಸಾನಿ ಎಂದೇ ಬರೆಯುವುದು. ಇದನ್ನು ನಾನಲ್ಲದೆ ಯಾರೂ ಓದುವುದಿಲ್ಲವಲ್ಲ.

ಇದಕ್ಕೆಲ್ಲ ಮೂಲ ಆ ಕೆಂಪು ಕಾರ್ಪೆಟ್. ಫೆಬ್ರವರಿ ಒಂಬತ್ತಕ್ಕೆ ಚರ್ಚಿಗೆ ನೂರೈವತ್ತು ವರ್ಷ ತುಂಬುತ್ತದೆ, ಬಿಷಪ್ ಬರುತ್ತಾರೆ ಎಂದು ಬಾಗಿಲಿನಿಂದ ಪೀಠದವರೆಗೆ ಹಾಸಿದ್ದಾರೆ. ಮರುಭೂಮಿಯಿಂದ ಬೀಸುವ ಈ ಹರ್ಮಟ್ಟಾನ್ ಗಾಳಿಯಲ್ಲಿ ಗಂಟೆಗೊಂದು ಪದರ ಧೂಳು ಬಂದು ಕೂರುತ್ತದೆ. ಕಡ್ಡಿಪೊರಕೆ ಆಡಿಸಿದರೆ ಅದರ ನೂಲು ಕಿತ್ತು ಬರುತ್ತದೆ ಎಂದು ನವೆಂಬರ್ ಸಭೆಯಲ್ಲಿ ಪೊರಕೆಯನ್ನೇ ನಿಷೇಧಿಸಿ, ಯಂತ್ರ ತರೋಣ ಎಂದರು. ಯಂತ್ರಕ್ಕೆ ಆಯಸ್ಸು ಕಡಿಮೆ, ಅದನ್ನು ನಂಬಿ ಕೂರುವುದು ಬೇಡ ಎಂದು ನಾನು ಅವತ್ತೇ ಹೇಳಿದ್ದೆ. ನಡಾವಳಿಯಲ್ಲಿದೆ. ಮಹಿಳಾ ಸಂಘದ ಕಾರ್ಯದರ್ಶಿ ಡಾರ್ಕಸ್ ಎಷೂನ್ ತನ್ನ ದುಂಡು ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ.

ಯಂತ್ರವನ್ನು ನಿನ್ನೆ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ನೇತುಹಾಕಿ, ಪ್ಲಗ್ ಹಾಕಿ ಬಂದಿದ್ದೆ. ಇವತ್ತು ಬೆಳಿಗ್ಗೆ ಗುಂಡಿ ಒತ್ತಿದರೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಕೆಂಪು ದೀಪ ಎರಡು ಸಲ ಮಿಣುಕಿತು. ಅಷ್ಟೇ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಕೋಬಿನಾ ಹಡಗಿನಲ್ಲಿ ಅಡಿಗೆಯವರಾಗಿದ್ದು ನಿವೃತ್ತರಾದವರು, ಈಗ ಜಗಲಿಯಲ್ಲಿ ಅಳಗುಳಿಮಣೆ ಆಡುವುದೇ ಉದ್ಯೋಗ. ಕಾಳು ಹಂಚುತ್ತಲೇ ಕೇಳಿದರು, “ವೈರಿಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆಯಾ? ನಿನ್ನ ಕಡ್ಡಿಪೊರಕೆಗೂ ವೈರಿಲ್ವಲ್ಲೇ.”

ಜನವರಿ 8, ಬುಧವಾರ

ಸಮಿತಿಯ ಹೆಂಗಸರೆಲ್ಲ ಯಂತ್ರ ನೋಡಲು ಬಂದರು. ಒಬ್ಬೊಬ್ಬರೂ ಗುಂಡಿ ಒತ್ತಿದರು. ಒಬ್ಬೊಬ್ಬರಿಗೂ ಅದು ಎರಡು ಸಲ ಕಣ್ಣು ಮಿಟುಕಿಸಿತು.

ಡಾರ್ಕಸ್ ಕೊನೆಯಲ್ಲಿ ಒತ್ತಿ, ನನ್ನ ಮುಖ ನೋಡಿ, ಬಹಳ ಮೆತ್ತಗೆ ಹೇಳಿದಳು, “ಟೀಚರಮ್ಮ, ನೀವು ಮೊದಲೇ ಯಂತ್ರ ಬೇಡ ಅಂದಿದ್ರಿ ಅಲ್ವಾ?”

ಅವಳು ಮೀನು ಹೊಗೆಯಾಡಿಸುವ ಕೆಲಸದವಳು. ಹೇಗೆ ಹೊಗೆ ಹಾಕಬೇಕು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಸಂಜೆಯೊಳಗೆ ಮೀನುಪೇಟೆಯಲ್ಲೆಲ್ಲ ಸುದ್ದಿ: ದೊರೆಸಾನಿ ಕೊಟ್ಟ ಹೊಸ ಯಂತ್ರವನ್ನು ಹೊಟ್ಟೆಕಿಚ್ಚಿಗೆ ಎರ್ನೆಸ್ಟಿನಾ ಆಂಪಿಯಾ ಟೀಚರೇ ಕೆಡಿಸಿದ್ದಾರೆ. ಇಪ್ಪತ್ತೆರಡು ವರ್ಷ ಆ ಚರ್ಚನ್ನು ಗುಡಿಸಿದವಳು ನಾನು.

ಕಾರ್ಪೆಟನ್ನು ಒದ್ದೆ ಬಟ್ಟೆಯಲ್ಲಿ ಮಂಡಿಯೂರಿ ಒರೆಸಿದೆ. ಮಂಡಿಯ ಕಥೆ ಬರೆಯಲು ಈ ಪುಟ ಸಾಲದು.

ಜನವರಿ 9, ಗುರುವಾರ

ಯಂತ್ರದ ಜೊತೆ ಬಂದ ಪುಸ್ತಕ ಹದಿನೆಂಟು ಭಾಷೆಗಳಲ್ಲಿದೆ. ನಮ್ಮ ಫಾಂಟಿ ಇಲ್ಲ. ಇಂಗ್ಲಿಷಿನ ಪುಟ ತೆಗೆದು ಕನ್ನಡಕ ಹಾಕಿಕೊಂಡು ಕೂತೆ. ಚಿತ್ರದಲ್ಲಿ ಒಬ್ಬಳು ಹೆಂಗಸು ನಗುತ್ತಾ ನೆಲ ಗುಡಿಸುತ್ತಿದ್ದಾಳೆ. ನೆಲದಲ್ಲಿ ಧೂಳೇ ಇಲ್ಲ. ಮತ್ತೆ ನಗದೆ ಏನು ಮಾಡುತ್ತಾಳೆ.

“ಚಾರ್ಜ್ ಆಗದಿದ್ದರೆ” ಎನ್ನುವ ಭಾಗದಲ್ಲಿ ಮೊದಲ ಸಲಹೆ: ಪ್ಲಗ್ ಹಾಕಿದ್ದೀರಾ ನೋಡಿ. ಮೂವತ್ತೆರಡು ವರ್ಷ ಹೊಲಿಗೆ ಕಲಿಸಿದವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಆದರೂ ನೋಡಿದೆ. ಹಾಕಿತ್ತು.

ಎರಡನೆಯದು, ಪ್ಲಗ್ಗಿನಲ್ಲಿ ಕರೆಂಟು ಬರುತ್ತಿದೆಯೇ. ಮನೆಯಿಂದ ಟೇಬಲ್ ಫ್ಯಾನನ್ನು ತಲೆಯ ಮೇಲೆ ಹೊತ್ತು ತಂದು ಹಾಕಿದೆ. ಸುಯ್ಯೆಂದು ತಿರುಗಿತು. ಹೊತ್ತು ತಂದ ಶ್ರಮ ದಂಡವಾಗದಿರಲಿ ಎಂದು ಸ್ವಲ್ಪ ಹೊತ್ತು ಗಾಳಿ ತೆಗೆದುಕೊಂಡು ಕೂತೆ.

ಮೂರನೆಯದು, ಬ್ಯಾಟರಿ ಸರಿಯಾಗಿ ಕೂತಿದೆಯೇ. ಟಕ್ ಎಂದು ಶಬ್ದ ಬರುವವರೆಗೆ ಒತ್ತಿ. ಒತ್ತಿದೆ. ಟಕ್ ಎಂದಿತು. ನನ್ನ ಹೆಬ್ಬೆರಳಿನ ಉಗುರು.

ಜನವರಿ 13, ಸೋಮವಾರ

ಜಂಕ್ಷನ್ನಿನ ಕೊಡೆಯಡಿ ಫೋನು, ರೇಡಿಯೋ ರಿಪೇರಿ ಮಾಡುವ ಬ್ಲೇ ಇದ್ದಾನಲ್ಲ, ಅವನಲ್ಲಿಗೆ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದೆ. ದಾರಿಯಲ್ಲಿ ಇಬ್ಬರು ಯಾರ ಮಗು ಎಂದು ಕೇಳಿದರು.

ಬ್ಲೇ ಮೊದಲು ಅದನ್ನು ಕಿವಿಗಿಟ್ಟು ಕೇಳಿದ. ಆಮೇಲೆ ಬ್ಯಾಟರಿಯ ಹಿತ್ತಾಳೆ ತುದಿಗೆ ನಾಲಿಗೆ ತಾಗಿಸಿ ರುಚಿ ನೋಡಿದ. ಸಮುದ್ರದ ಊರಲ್ವಾ ಟೀಚರ್, ಉಪ್ಪು ಹಿಡಿದಿದೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ನೋಡಿ, ಆಗದಿದ್ದರೆ ಬಿಚ್ಚೋಣ ಎಂದ. ಬಿಚ್ಚುವುದು ಬೇಡ ಎಂದೆ. ಬಿಚ್ಚಿದರೆ ಡಾರ್ಕಸ್‌ಗೆ ಅದೇ ಸಾಕ್ಷಿಯಾಗುತ್ತದೆ.

ಜನವರಿ 15, ಬುಧವಾರ

ರಬ್ಬರಿನಿಂದ ಅರ್ಧ ಗಂಟೆ ಉಜ್ಜಿದೆ. ಪ್ಲಗ್ ಹಾಕಿದೆ. ದೀಪ ಮೂರು ಸಲ ಮಿಣುಕಿತು.

ಪುಸ್ತಕ ನೋಡಿದೆ. ಎರಡು ಸಲ ಎಂದರೆ ಚಾರ್ಜ್ ಸಾಲದು. ಮೂರು ಸಲ ಎಂದರೆ “ದೋಷವಿದೆ, ಕೊಂಡ ಅಂಗಡಿಯನ್ನು ಸಂಪರ್ಕಿಸಿ.” ಎರಡರಿಂದ ಮೂರಾಯಿತಲ್ಲ, ಮುಂದುವರಿದಿದ್ದೀಯ ಎಂದರು ನಮ್ಮವರು.

ಕೊಂಡ ಅಂಗಡಿ ಲಂಡನ್ನಿನಲ್ಲಿದೆ. ಯಾವ ಅಂಗಡಿ ಎಂದು ದೊರೆಸಾನಿಯನ್ನೇ ಕೇಳಬೇಕು. ಅದಕ್ಕಿಂತ ಇನ್ನೊಂದು ತಿಂಗಳು ಮಂಡಿಯೂರುವುದೇ ವಾಸಿ.

ಜನವರಿ 17, ಶುಕ್ರವಾರ

ಹೋದೆ. ಮಂಡಿ ಮಾತು ಕೇಳಲಿಲ್ಲ.

ಅವಳ ಮನೆ ಗುಡ್ಡದ ಮೇಲಿದೆ, ದೊಡ್ಡ ಗೇಟು. ಗೇಟು ತಟ್ಟಿದೆ, ಯಾರೂ ಬರಲಿಲ್ಲ. ಹಿತ್ತಲಿಗೆ ಸುತ್ತು ಹಾಕಿ ಹೋದರೆ, ದೊರೆಸಾನಿ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂತು, ಮೆಕ್ಕೆಜೋಳದ ಕೆಂಕಿ ಮುದ್ದೆಯನ್ನು ಕೈಯಲ್ಲಿ ಮುರಿದು ಮೆಣಸಿನ ಚಟ್ನಿಯಲ್ಲಿ ಅದ್ದಿ, ಕರಿದ ಮೀನಿನ ತಲೆ ಚೀಪುತ್ತಿದ್ದಾಳೆ. ನನ್ನನ್ನು ನೋಡಿ ಬೆರಳು ಬಾಯಲ್ಲೇ ನಿಂತಿತು. ನಾನು ನೋಡದವಳ ಹಾಗೆ ಪಪ್ಪಾಯಿ ಮರ ನೋಡುತ್ತಾ ನಿಂತೆ.

ಯಂತ್ರ ಚಾರ್ಜ್ ಆಗುತ್ತಿಲ್ಲ ಎಂದು ಹೇಳಿದೆ. ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ: ಫ್ಯಾನು, ಉಗುರು, ರಬ್ಬರು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ದೀಪ ಎಷ್ಟು ಸಲ ಮಿಣುಕಿತು ಎಂದಷ್ಟೇ ಕೇಳಿದಳು. ಮೂರು ಎಂದಾಗ ಮುಖ ಸ್ವಲ್ಪ ಇಳಿಯಿತು. ನಾಳೆ ತಾನೇ ಬಂದು ನೋಡುತ್ತೇನೆ, ಬೇರೆ ಯಾರಿಗೂ ಹೇಳುವುದು ಬೇಡ ಎಂದಳು.

ಜನವರಿ 18, ಶನಿವಾರ

ಶ್ರೀಮತಿ ಓಟೂ ಬೆಳಿಗ್ಗೆ ಏಳಕ್ಕೇ ಬಂದಳು. ಹಿಂದಿನ ಕೋಣೆಯ ಬಾಗಿಲು ಹಾಕಿ ಚಿಲಕ ಹಾಕಲು ಹೇಳಿದಳು. ನಾಲ್ಕು ಉಂಗುರಗಳನ್ನು ಬಿಚ್ಚಿ ಕಾಣಿಕೆ ತಟ್ಟೆಯಲ್ಲಿಟ್ಟಳು. ತಲೆಯ ವಸ್ತ್ರ ಬಿಗಿದು ಕಟ್ಟಿದಳು. ಆಮೇಲೆ ನೆಲದ ಮೇಲೆ ಕೂತು ಯಂತ್ರವನ್ನು ತೊಡೆಯ ಮೇಲೆ ಹಾಕಿಕೊಂಡಳು.

ನಾನು ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಅದು ಒಂಬತ್ತು ಭಾಗವಾಗಿತ್ತು. ಅವಳು ಕೆಳಗೆ ನೋಡುತ್ತಲೂ ಇರಲಿಲ್ಲ. ಕೋಳಿ ಹಸನು ಮಾಡುವ ಹೆಂಗಸರ ಕೈ ಹೇಗೆ ಓಡುತ್ತದೆಯೋ ಹಾಗೆ. ಶೋಧಕದ ಬಟ್ಟೆ ತೆಗೆದು ಕೊಡವಿದಳು, ಬ್ರಷ್ಷಿಗೆ ಸುತ್ತಿದ್ದ ಕೂದಲನ್ನು ಹೇರ್‌ಪಿನ್ನಿನಲ್ಲಿ ಒಂದೇ ಎಳೆತಕ್ಕೆ ಎಳೆದಳು. “ಇವನಿಗೆ ಸೆಕೆ ಆಗಿಬರೋಲ್ಲ, ಹಟಮಾರಿ,” ಎಂದು ಯಾರಿಗೋ ಹೇಳುವ ಹಾಗೆ ಹೇಳಿದಳು.

ಧೂಳಿನ ಡಬ್ಬಿಯ ಮುಚ್ಚಳ ನನ್ನ ಕೈಗೆ ಕೊಟ್ಟಳು. ಅದರ ಒಳಮೈಯಲ್ಲಿ ಕಪ್ಪು ಮಾರ್ಕರಿನಲ್ಲಿ ಬರೆದಿತ್ತು: ನಾಲ್ಕನೇ ಮಹಡಿ, ಮಿನಾ.

ನಾನು ಓದು ಬಲ್ಲವಳು. ಓದಿದೆ. ಅವಳೂ ನಾನು ಓದಿದ್ದನ್ನು ನೋಡಿದಳು.

ಆಮೇಲೆ ಅವಳೇ ಹೇಳಿದಳು, “ಇಪ್ಪತ್ತೆಂಟು ವರ್ಷ ಆಫೀಸಲ್ಲಿದ್ದಿದ್ದು ನಿಜ, ಟೀಚರ್. ಮ್ಯಾನೇಜರ್ ಬರೋ ಮುಂಚೆ ಹೋಗಿ, ಅವನು ಬರೋ ಹೊತ್ತಿಗೆ ಗುಡಿಸಿ ಮುಗಿಸ್ತಿದ್ದೆ.”

ಮತ್ತೆ ಈ ಮ್ಯಾನೇಜರ್ ಕಥೆ ಯಾರು ಹುಟ್ಟಿಸಿದ್ದು ಎಂದು ಕೇಳಿದೆ.

“ನಮ್ಮಮ್ಮ. ಮಗಳು ಆಫೀಸಲ್ಲಿ ಮ್ಯಾನೇಜರ್ ಅಂತ ಮೀನುಪೇಟೇಲಿ ಹೇಳ್ಕೊಂಡು ಬಂದಿದ್ಲು. ಅವಳು ಕೊಟ್ಟ ಹುದ್ದೆ ಅದು. ಈಗ ಅವಳೇ ಇಲ್ಲ, ರಾಜೀನಾಮೆ ಯಾರಿಗೆ ಕೊಡ್ಲಿ?”

ಕೆಲಸ ಬಿಡುವ ದಿನ ಏನು ಬೇಕೆಂದು ಕೇಳಿದರಂತೆ. ಎಲ್ಲರಿಗೂ ಗೋಡೆ ಗಡಿಯಾರ ಕೊಡುತ್ತಿದ್ದರಂತೆ, ಇವಳು ತಾನು ನಾಲ್ಕು ವರ್ಷ ಓಡಿಸಿದ ಈ ಯಂತ್ರವನ್ನೇ ಕೇಳಿ ತಂದಳಂತೆ. ಹೊಸದು ಎಂದು ಅವಳು ಹೇಳಿರಲಿಲ್ಲ. ಪಾಸ್ಟರ್ ಹೇಳಿದರು, ಇವಳು ಸುಮ್ಮನಿದ್ದಳು.

ಶೋಧಕದ ಬಟ್ಟೆ ತೊಳೆದರೆ ಒಳ್ಳೆಯದು ಎಂದೆ. ತೊಳೆದು ಬೇಲಿಯ ಮೇಲೆ ಒಣಹಾಕಿದೆವು.

ಮೀನುಪೇಟೆಯಲ್ಲಿ ಒಂದು ವಾರ ಮಾರಬಹುದಾದ ಸುದ್ದಿ ಇದು. ಮನೆಗೆ ಬಂದಾಗ ಏನು ವಿಶೇಷ ಎಂದು ಕೋಬಿನಾ ಕೇಳಿದರು. ಬ್ರಷ್ಷಿನಲ್ಲಿ ಕೂದಲು ಸಿಕ್ಕಿತ್ತು ಎಂದೆ. ತಲೆನೋವು ಇತ್ತು, ಜಾಸ್ತಿ ಮಾತು ಬೇಡವಾಗಿತ್ತು.

ಜನವರಿ 19, ಭಾನುವಾರ

ಶನಿವಾರ ಇಬ್ಬರೇ ಚಿಲಕ ಹಾಕಿಕೊಂಡು ಏನು ಮಾಡುತ್ತಿದ್ದಿರಿ ಎಂದು ಡಾರ್ಕಸ್ ಕೇಳಿದಳು. ಪ್ರಾರ್ಥನೆ ಎಂದೆ. ಪೂರ್ತಿ ಸುಳ್ಳಲ್ಲ. ಒಂದು ಸ್ಪ್ರಿಂಗ್ ಹಾರಿ ಬೆಂಚಿನಡಿ ಹೋದಾಗ ಶ್ರೀಮತಿ ಓಟೂ ದೇವರ ಹೆಸರು ಎತ್ತಿದ್ದಳು.

ಜನವರಿ 22, ಬುಧವಾರ

ಮೂರು ದಿನದಿಂದ ದಿನಾ ಬೆಳಿಗ್ಗೆ ಪ್ರಯೋಗ ನಡೆಯುತ್ತಿದೆ. ಬ್ಯಾಟರಿ ಬಿಸಿಯಾಗಿದ್ದರೆ ಚಾರ್ಜ್ ಹಿಡಿಯುವುದಿಲ್ಲವಂತೆ. ಹಿಂದಿನ ಕೋಣೆಯ ಗೋಡೆಗೆ ಬಿಸಿಲು ಹೊಡೆಯುತ್ತದೆಂದು ಯಂತ್ರವನ್ನು ವಿಲ್ಹೆಲ್ಮಿನಾಳ ಅಡಿಗೆಮನೆಗೆ ಸಾಗಿಸಿದೆವು. ಅಲ್ಲಿ ತಣ್ಣನೆ ಹೆಂಚಿನ ನೆಲ. ಗೋಡೆಯ ತೂಗುಪಟ್ಟಿ ಬಿಟ್ಟು ನೇರ ಪ್ಲಗ್ ಹಾಕಿ ನೋಡಿದೆವು: ಮೂರು ಮಿಣುಕು. ಬೇರೆ ಪ್ಲಗ್: ಮೂರು ಮಿಣುಕು. ನಾಲ್ಕನೆಯ ಪ್ರಯೋಗಕ್ಕೆ ಕರೆಂಟೇ ಹೋಯಿತು, ಒಂದೂ ಮಿಣುಕಲಿಲ್ಲ.

ಕರೆಂಟು ಬರುವವರೆಗೆ ಸುಮ್ಮನೆ ಕೂರುವುದೇಕೆಂದು ಕೆಂಕಿ ತಿಂದೆವು. ಕೈಯಲ್ಲಿ. ಅವಳು ನಾಲ್ಕನೇ ಮಹಡಿಯ ಕಥೆ ಹೇಳಿದಳು. ಅಲ್ಲೊಬ್ಬ ದೊಡ್ಡ ಸಾಹೇಬ ದಿನಾ ಮೇಜಿನ ಕೆಳಗೆ ಬಿಸ್ಕತ್ತು ಬಚ್ಚಿಟ್ಟು ತಿನ್ನುತ್ತಿದ್ದನಂತೆ, ಹೆಂಡತಿ ಸಕ್ಕರೆ ಬಿಡಿಸಿದ್ದಳಂತೆ. ಅವನೂ ಇವಳೂ ಒಂದು ದಿನವೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಹನ್ನೊಂದು ವರ್ಷ ಆ ಚೂರುಗಳನ್ನು ಗುಡಿಸಿ ಇವಳು ಅವನ ಗುಟ್ಟು ಕಾಪಾಡಿದಳು. ಕ್ರಿಸ್‌ಮಸ್ಸಿಗೆ ಮೇಜಿನ ಕೆಳಗೆ ಒಂದು ಪೂರ್ತಿ ಪೊಟ್ಟಣ ಇಟ್ಟಿರುತ್ತಿದ್ದನಂತೆ, ಒಡೆಯದ್ದು.

ಕರೆಂಟು ಬಂದಿದ್ದೇ ಗೊತ್ತಾಗಲಿಲ್ಲ. ಹನ್ನೆರಡು ಗಂಟೆಯಾಗಿತ್ತು. ಕೋಬಿನಾ ತಾವೇ ಅನ್ನ ಮಾಡಿಕೊಂಡು ಉಂಡಿದ್ದರು. ಬೇಕೆಂದೇ ತಳ ಹಿಡಿಸಿ ನನಗೂ ಇಟ್ಟಿದ್ದರು.

ಜನವರಿ 25, ಶನಿವಾರ

ಬೇರೆ ದಾರಿಯಿಲ್ಲದೆ ಇಬ್ಬರೂ ಸೇರಿ ಬ್ಲೇ ಹತ್ತಿರ ಹೋದೆವು. ಬಿಚ್ಚು ಎಂದು ವಿಲ್ಹೆಲ್ಮಿನಾಳೇ ಹೇಳಿದಳು. ಬ್ಯಾಟರಿಯ ಒಳಗೆ ಆರು ಪುಟ್ಟ ಸೆಲ್ಲುಗಳಿದ್ದವು. ಅವನು ಮೀಟರಿನ ಎರಡು ಕಡ್ಡಿ ಹಿಡಿದು ಒಂದೊಂದರ ನಾಡಿ ನೋಡಿದ.

“ಒಂದೇ ಮನೇಲಿ ಆರು ಜನ, ಟೀಚರ್. ಐದು ಜನ ಚೆನ್ನಾಗಿದಾರೆ. ಆರನೆಯವನು ಸತ್ತಿದಾನೆ. ಅವನನ್ನ ನೋಡಿ ಉಳಿದವರೂ ಊಟ ಬಿಟ್ಟಿದಾರೆ.”

ಸತ್ತವನ ಜಾಗಕ್ಕೆ ಅದೇ ಅಳತೆಯವನು ಬೇಕು. ತಕೋರಾಡಿಯಲ್ಲಿರುವ ಅವನ ಅಣ್ಣನ ಬಳಿ ಹಳೆಯ ಲ್ಯಾಪ್‌ಟಾಪುಗಳಿವೆಯಂತೆ, ಹುಡುಕಿಸಿ ತರಿಸುತ್ತೇನೆ, ಎರಡು ವಾರದೊಳಗೆ ಆಗುತ್ತದೆ ಎಂದ. ಎರಡು ವಾರ ಎಂದರೆ ಬಿಷಪ್ ಬರುವ ಹಿಂದಿನ ದಿನ.

ಹಳೆಯದಾಗಿ ಸತ್ತಿದ್ದೋ, ಬಿದ್ದು ಸತ್ತಿದ್ದೋ ಎಂದು ಬ್ಲೇನನ್ನು ಕೇಳಿದೆ. ಹಳೆಯದಾಗಿ, ಇದು ಎಷ್ಟೋ ವರ್ಷ ದುಡಿದ ಬ್ಯಾಟರಿ ಎಂದ. ವಿಲ್ಹೆಲ್ಮಿನಾ ರಸ್ತೆಯ ಆ ಕಡೆ ನೋಡುತ್ತಾ ನಿಂತಿದ್ದಳು. ಇದನ್ನು ಯಾರಿಗೂ ಹೇಳಬೇಡ ಎಂದು ಬ್ಲೇಗೆ ಹೇಳಿ ಬಂದೆ.

ಜನವರಿ 29, ಬುಧವಾರ

ಈಗೀಗ ಊಟದ ಹೊತ್ತಿನಲ್ಲಿ ದೊರೆಸಾನಿಯನ್ನು ಬೈಯುವುದೇ ಇಲ್ಲವಲ್ಲ, ಮೈ ಹುಷಾರಿದೆಯಾ ಎಂದರು ಕೋಬಿನಾ. ಮೊದಲೂ ಬೈಯುತ್ತಿರಲಿಲ್ಲ ಎಂದೆ. ಅವರು ಕಿವಿ ಕೇಳದವರ ಹಾಗೆ ಕಾಳು ಎಣಿಸಿದರು.

ಕಾರ್ಪೆಟನ್ನು ನಾನೂ ವಿಲ್ಹೆಲ್ಮಿನಾಳೂ ಆ ತುದಿಯಿಂದ ಈ ತುದಿಯಿಂದ ಒರೆಸುತ್ತಾ ಬರುತ್ತೇವೆ. ನಡುವೆ ಎಲ್ಲಿ ಭೇಟಿಯಾಗುತ್ತೇವೋ ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತೇವೆ. ಅವಳು ಯಾವಾಗಲೂ ನನಗಿಂತ ಐದು ಬೆಂಚು ಮುಂದಿರುತ್ತಾಳೆ.

ಫೆಬ್ರವರಿ 2, ಭಾನುವಾರ

ಆರಾಧನೆಯ ನಂತರ ಮಹಿಳಾ ಸಂಘದ ಸಭೆ. ಪಾಸ್ಟರ್ ಎಸ್ಸುಮಾನ್ ಕೂಡ ಇದ್ದರು. ಡಾರ್ಕಸ್ ಎದ್ದು, ಬಿಷಪ್ ಬರಲು ಏಳು ದಿನ ಉಳಿದಿದೆ, ಹೊಸ ಯಂತ್ರ ನಾಲ್ಕು ವಾರದಿಂದ ಕೆಟ್ಟು ಕೂತಿದೆ, ಹೊಸ ಯಂತ್ರ ತಾನಾಗಿ ಕೆಡುವುದಿಲ್ಲ ಎಂದಳು. ಪಾಸ್ಟರ್ ಎಂದಿನಂತೆ ನಗುತ್ತಾ, ತಪ್ಪು ಯಾರದೆಂದಲ್ಲ, ಆದರೂ ತಿಳಿದಿರುವುದು ಒಳ್ಳೆಯದಲ್ಲವೇ ಎಂದರು.

ಡಾರ್ಕಸ್ ವಿಲ್ಹೆಲ್ಮಿನಾಳ ಕಡೆ ತಿರುಗಿದಳು. “ಓಟೂ ಅಮ್ಮನೋರೇ, ನೀವೇ ಹೇಳಿಬಿಡಿ. ಅಂಗಡಿಯಿಂದ ತಂದಾಗ ಸರಿಯಾಗಿತ್ತೋ ಇಲ್ವೋ?”

ಅವಳು ಬಾಯಿ ತೆರೆದಳು. ಮುಚ್ಚಿದಳು. ಬೆರಳಿನ ಉಂಗುರ ತಿರುಗಿಸುತ್ತಾ ಕೂತಳು. ಇಡೀ ಸಭೆ ಅವಳ ಬೆರಳನ್ನೇ ನೋಡುತ್ತಿತ್ತು.

ನಾನು ಎದ್ದು ನಿಂತೆ. “ನಾನೇ ಕೈಜಾರಿ ಬೀಳಿಸಿದೆ. ಹೆದರಿ ಹೇಳಿರ್ಲಿಲ್ಲ.” ಕೂತುಕೊಂಡೆ.

ಆಮೇಲೆ ನಡೆದದ್ದು ಹೆಚ್ಚೇನಿಲ್ಲ. ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದು ಎಲ್ಲರೂ ಬಹಳ ಗೌರವದಿಂದ ಮಾತಾಡಿದರು. ಚರ್ಚಿನ ಬೀಗದ ಕೈಗೊಂಚಲನ್ನು ಡಾರ್ಕಸ್‌ಗೆ ಕೊಟ್ಟೆ. ಇಪ್ಪತ್ತೆರಡು ವರ್ಷ ಸೊಂಟದಲ್ಲಿ ನೇತಾಡಿದ್ದರಿಂದ ಎದ್ದು ನಡೆಯುವಾಗ ಒಂದು ಕಡೆ ಹಗುರಾಗಿ ವಾಲಿದ ಹಾಗಾಯಿತು.

ಮಧ್ಯಾಹ್ನ ಅನ್ನಕ್ಕೆ ಉಪ್ಪು ಜಾಸ್ತಿಯಾಗಿತ್ತು. ಕೋಬಿನಾ ಎರಡನೇ ಸಲ ಬಡಿಸಿಕೊಂಡು ಉಂಡರು.

ಫೆಬ್ರವರಿ 3, ಸೋಮವಾರ

ಅಂಗಳ ಮೂರು ಸಲ ಗುಡಿಸಿದೆ. ವಿಲ್ಹೆಲ್ಮಿನಾ ಬರಲಿಲ್ಲ.

ಫೆಬ್ರವರಿ 4, ಮಂಗಳವಾರ

ಇವತ್ತು ಬಂದಳು. ಬಂದವಳು ನೇರ ನನ್ನ ಮೊರದ ಮುಂದೆ ಕೂತು ಶೇಂಗಾ ಸುಲಿಯತೊಡಗಿದಳು. ಒಂದು ಸೇರು ಸುಲಿದ ಮೇಲೆ ಕೇಳಿದಳು, “ಯಾಕೆ ಹಾಗಂದ್ರಿ?”

“ಬಾಯಿಗೆ ಬಂತು.”

“ನಾನು ಹೇಳ್ಬೇಕಿತ್ತು. ಎದ್ದೇಳೋಕೆ ಕಾಲು ಬರ್ಲಿಲ್ಲ.”

“ನಂಗೂ ಕಾಲು ನೋವೇ. ಸಿಪ್ಪೆ ಕಾಳು ಬೆರೆಸ್ಬೇಡಿ, ಬೇರೆ ಬೇರೆ ಹಾಕಿ.”

ಇನ್ನೊಂದು ಸೇರು ಸುಲಿದೆವು. ಹೋಗುವಾಗ ತನ್ನನ್ನು ಮಿನಾ ಎಂದು ಕರೆಯಬೇಕು ಎಂದಳು. ನೋಡೋಣ ಎಂದೆ.

ಫೆಬ್ರವರಿ 6, ಗುರುವಾರ

ಎರಡು ದಿನ ಮುಂಚೆಯೇ ಬ್ಲೇ ಹೇಳಿ ಕಳಿಸಿದ. ಹೋದರೆ ಯಂತ್ರದ ತುದಿಯಲ್ಲಿ ಹಸಿರು ದೀಪ. ಮಿಣುಕುತ್ತಿಲ್ಲ, ಸ್ಥಿರವಾಗಿ ಉರಿಯುತ್ತಿದೆ. ಮಿನಾ ಅದನ್ನು ಎತ್ತಿಕೊಂಡು ಗುಂಡಿ ಒತ್ತಿದಳು. ಪಕ್ಕದಲ್ಲಿ ಬಾಳೆಕಾಯಿ ಸುಡುವವಳ ಒಲೆಯ ಅರ್ಧ ಬೂದಿ ಒಂದೇ ಉಸಿರಿಗೆ ಒಳಗೆ ಹೋಯಿತು. ಅವಳು ಬೈದ ಬೈಗುಳದಲ್ಲಿ ನಮ್ಮಿಬ್ಬರ ಅಜ್ಜಿಯಂದಿರೂ ಬಂದರು. ಬಾಳೆಕಾಯಿ ಕೊಂಡು ಸಮಾಧಾನ ಮಾಡಿದೆವು.

ಯಂತ್ರವನ್ನು ಡಾರ್ಕಸ್‌ಗೆ ಒಪ್ಪಿಸಿದೆವು. ಈಗ ಅವಳೇ ಮುಖ್ಯಸ್ಥೆ, ಶನಿವಾರ ಎಲ್ಲರ ಮುಂದೆ ತಾನೇ ಓಡಿಸುತ್ತಾಳಂತೆ.

ಫೆಬ್ರವರಿ 8, ಶನಿವಾರ

ಬರೆಯುವುದು ಬಹಳ ಇದೆ, ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಸಂಘದ ಮೂವತ್ತು ಹೆಂಗಸರೂ ಸೇರಿದ್ದರು. ಹೂ ಕಟ್ಟುವವರು, ಬೆಂಚು ಒರೆಸುವವರು. ಡಾರ್ಕಸ್ ಯಂತ್ರ ಹಿಡಿದು ಕಾರ್ಪೆಟ್ಟಿನ ಮೇಲೆ ನಿಂತಳು. ಅವಳು ಅದನ್ನು ಪೊರಕೆಯ ಹಾಗೆ ಎಡಕ್ಕೆ ಬಲಕ್ಕೆ ಬೀಸಿದಳು. ಯಂತ್ರ ಕಾರ್ಪೆಟ್ಟಿನ ಅಂಚು ಕಚ್ಚಿ ನುಂಗತೊಡಗಿತು. ಎಳೆದಳು, ಅದೂ ಎಳೆಯಿತು. ಡಬ್ಬಿಯ ಮುಚ್ಚಳ ಕಳಚಿ, ಬಾಳೆಕಾಯಿಯವಳ ಬೂದಿಯೆಲ್ಲ ಕೆಂಪು ಕಾರ್ಪೆಟ್ಟಿನ ಮೇಲೆ ಸುರಿಯಿತು. ಡಬ್ಬಿ ಖಾಲಿ ಮಾಡಿ ಕೊಡಬೇಕೆಂಬುದು ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ, ಸತ್ಯವಾಗಿಯೂ.

ಡಾರ್ಕಸ್ ಯಂತ್ರದ ಗುಂಡಿಗಾಗಿ ತಡಕಾಡುತ್ತಿದ್ದಳು. ಆಗ ಮಿನಾ ಮುಂದೆ ಬಂದಳು. ಉಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮೇಲೆ ಹೊದ್ದ ರೇಷ್ಮೆ ವಸ್ತ್ರವನ್ನು ಸೊಂಟಕ್ಕೆ ಸುತ್ತಿ ಬಿಗಿದಳು. ಯಂತ್ರ ತೆಗೆದುಕೊಂಡು ಬಾಗಿಲಿನಿಂದ ಶುರುಮಾಡಿದಳು. ಒಂದು ಉದ್ದನೆ ಎಳೆತ ಮುಂದಕ್ಕೆ, ಒಂದು ಹಿಂದಕ್ಕೆ, ಅರ್ಧ ಹೆಜ್ಜೆ ಪಕ್ಕಕ್ಕೆ. ನೋಡಲಿಕ್ಕೆ ನೃತ್ಯದ ಹಾಗಿರಲಿಲ್ಲ. ಕೆಲಸದ ಹಾಗಿತ್ತು. ಹೂ ಕಟ್ಟುವವರು ಹೂ ಬಿಟ್ಟು ನೋಡಿದರು. 

ಪೀಠದ ಬಳಿ ಯಂತ್ರ ನಿಲ್ಲಿಸಿದಾಗ ಕಾರ್ಪೆಟ್ಟಿನ ಮೇಲೆ ಪಟ್ಟೆ ಪಟ್ಟೆಯಾಗಿ ಗೆರೆ ಮೂಡಿತ್ತು, ಹೊಸ ಬಟ್ಟೆಯ ಮಡಿಕೆಯ ಹಾಗೆ. ಯಾರೋ ಕೇಳಿದರು, ಇದನ್ನೆಲ್ಲಿ ಕಲಿತಿರಿ ಎಂದು.

“ಲಂಡನ್ನಲ್ಲಿ,” ಎಂದಳು ಮಿನಾ. “ನಾನು ಮ್ಯಾನೇಜರ್ ಆಗಿರ್ಲಿಲ್ಲ. ಆಫೀಸು ಗುಡಿಸ್ತಿದ್ದೆ, ಇಪ್ಪತ್ತೆಂಟು ವರ್ಷ. ಈ ಯಂತ್ರಾನೂ ಹೊಸದಲ್ಲ, ನಾನೇ ಓಡಿಸಿದ್ದು. ಅದಕ್ಕೆ ವಯಸ್ಸಾಗಿತ್ತು, ಕೆಟ್ಟಿತು. ಎರ್ನೆಸ್ಟಿನಾ ಬೀಳಿಸ್ಲಿಲ್ಲ. ನನ್ನ ಮಾನ ಬೀಳಬಾರ್ದು ಅಂತ ಹಾಗಂದ್ಲು.”

ಆಗ ಮೂಲೆಯಿಂದ ಮುದುಕಿ ಅರಾಬಾ ಬೈನೀ ಬಾಯಿಬಿಟ್ಟಳು. ಅವಳಿಗೆ ಎಂಬತ್ತೆರಡು.

“ಹ್ಯಾಂಬರ್ಗಲ್ಲಿ ನಮ್ಮ ಹುಡುಗಿ ನರ್ಸು ಅಂತಿದ್ದೆನಲ್ಲ. ನರ್ಸಲ್ಲ. ಅದೇ ಆಸ್ಪತ್ರೇಲಿ ನೆಲ ಒರೆಸ್ತಾಳೆ.”

ಪಕ್ಕದವಳು ತನ್ನ ತಮ್ಮ ಇಟಲಿಯಲ್ಲಿ ಎಂಜಿನಿಯರ್ ಅಲ್ಲ, ಟೊಮೇಟೊ ಕೀಳುತ್ತಾನೆ ಎಂದಳು. ಮತ್ತೊಬ್ಬಳ ಮಗ ಹೋಟೆಲಿನ ಮಾಲೀಕನಲ್ಲ, ಪಾತ್ರೆ ತೊಳೆಯುವವನು. ಹತ್ತು ನಿಮಿಷದಲ್ಲಿ ನಮ್ಮ ಸಂಘದ ಅರ್ಧ ಮ್ಯಾನೇಜರುಗಳು ಕೆಲಸ ಕಳೆದುಕೊಂಡರು. ಹೇಳಿದವರೆಲ್ಲ ಹೇಳಿ ಮುಗಿಸಿ, ಬಿಗಿಯಾದ ರವಿಕೆಯ ಗುಂಡಿ ಬಿಚ್ಚಿದವರ ಹಾಗೆ ಉಸಿರು ಬಿಟ್ಟರು.

ಡಾರ್ಕಸ್ ಮಾತ್ರ ತನ್ನ ಕಾಲಬುಡದ ಬೂದಿ ನೋಡುತ್ತಾ ನಿಂತಿದ್ದಳು. ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಮುಂದೆ ಹಿಡಿದಳು. “ತಪ್ಪಾಯ್ತು ಟೀಚರಮ್ಮ.”

“ಇಟ್ಕೋ,” ಎಂದೆ. “ಇನ್ಮೇಲೆ ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲು ತೆಗಿ. ಗೊತ್ತಾಗುತ್ತೆ.”

ನನಗೆ ಕರುಣೆ ಉಕ್ಕಿತು ಎಂದಲ್ಲ. ಮಂಡಿ ನೋವು. ಮಿನಾ ಅವಳ ಕೈಗೆ ಯಂತ್ರ ಕೊಟ್ಟು, ಹಿಂದೆ ನಿಂತು, ಎಳೆತ ಕಲಿಸಿದಳು.

ಫೆಬ್ರವರಿ 9, ಭಾನುವಾರ

ಬಿಷಪ್ ಬಂದರು. ಮುಂಬಾಗಿಲಲ್ಲಿ ಬ್ಯಾಂಡಿನವರೂ ಜನರೂ ಕಿಕ್ಕಿರಿದಿದ್ದರಿಂದ ಅವರನ್ನು ಪಕ್ಕದ ಬಾಗಿಲಿನಿಂದ ಕರೆತಂದರು. ಕಾರ್ಪೆಟ್ಟಿನ ಮೇಲೆ ಅವರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ನೋಡಲೂ ಇಲ್ಲ.

ಮಿನಾ ನನ್ನ ಪಕ್ಕ ಕೂತಿದ್ದಳು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಅಷ್ಟೇ ಸಾಕಾಯಿತು. ಇಡೀ ಪ್ರಾರ್ಥನೆ ಮುಗಿಯುವವರೆಗೆ ಇಬ್ಬರೂ ಕರ್ಚೀಫು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದೆವು. ಭಕ್ತಿಯಿಂದ ಅಳುತ್ತಿದ್ದಾರೆಂದು ಪಾಸ್ಟರ್ ಎಸ್ಸುಮಾನ್ ಬಿಷಪ್ಪರಿಗೆ ತೋರಿಸಿದರಂತೆ. ಬಿಷಪ್ ಹೋಗುವಾಗ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು.

ಫೆಬ್ರವರಿ 12, ಬುಧವಾರ

ಮಿನಾ ಜೊತೆ ಮೀನುಪೇಟೆಗೆ ಹೋಗಿದ್ದೆ.

ಫೆಬ್ರವರಿ 27, ಗುರುವಾರ

ಹದಿನೈದು ದಿನವಾಯಿತು ಈ ಪುಸ್ತಕ ತೆಗೆದು. ಕೋಬಿನಾ ನೆನಪಿಸಿದರು, ಇಲ್ಲದಿದ್ದರೆ ಮರೆತೇಹೋಗಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದೆ. ಈ ಹದಿನೈದು ದಿನದಲ್ಲಿ ನಡೆದದ್ದು ಬೇಕಾದಷ್ಟಿದೆ, ಆದರೆ ಎಲ್ಲವನ್ನೂ ಆಗಲೇ ಮಿನಾಗೆ ಹೇಳಿ ಮುಗಿಸಿದ್ದೇನೆ. ಇನ್ನೊಂದು ಸಲ ಬರೆಯುವಷ್ಟು ತಾಳ್ಮೆ ನನಗಿಲ್ಲ.